ಕಾಫಿ ಕಡ್ಡಿಯಲ್ಲಿ ಬೋನಿನ ಕೀಲು ಕೆತ್ತಿದ ಬಗೆ

ಮೂರು ಕಡ್ಡಿ, ಒಂದು ಚಪ್ಪಟೆ ಕಲ್ಲು. ಹಗ್ಗ ಬೇಡ, ಮೊಳೆ ಬೇಡ. ಕಾಡಿನಲ್ಲಿ ಸಿಕ್ಕಿಬಿದ್ದವರು ಹೊಟ್ಟೆಗಾಗಿ ಹೂಡುವ ಹಳೆಯ ಬೋನು ಇದು. ಕಡ್ಡಿಗಳು ಜೋಡಿಯಾದಾಗ 4ರ ಆಕಾರ ಬರುತ್ತದೆ. ಕಲ್ಲನ್ನು ಯಾರು ಬೇಕಾದರೂ ಎತ್ತಿಡಬಹುದು. ಕೈಚಳಕ ಬೇಕಾಗುವುದು ಕಲ್ಲನ್ನು ತಡೆದು ಹಿಡಿಯುವ ಕಡ್ಡಿಗಳ ಕೀಲಿಗೆ.

ನಾನು ಆರಿಸಿಕೊಂಡದ್ದು ರೊಬಸ್ಟಾ ಕಾಫಿ ಗಿಡದ ಕಡ್ಡಿ. ಕೊಯ್ಲು ಮುಗಿದು ಕಪಾತು, ಅಂದರೆ ರೆಂಬೆ ಸವರುವ ಕೆಲಸ, ಶುರುವಾದರೆ ಕೊಡಗಿನ ತೋಟಗಳಲ್ಲಿ ಇದು ಬೇಕಾದಷ್ಟು ಬಿದ್ದಿರುತ್ತದೆ. ಗಟ್ಟಿ ಮರ, ಅದರಲ್ಲಿ ಕೊರೆದ ಕಚ್ಚಿನ ಅಂಚು ಬೇಗ ಸವೆಯುವುದಿಲ್ಲ. ಹಸಿ ಕಡ್ಡಿ ಕೆತ್ತಲು ಸುಲಭ, ಆದರೆ ಒಣಗಿದಾಗ ಕುಗ್ಗಿ ಸಡಿಲವಾಗುತ್ತದೆ. ಅದಕ್ಕೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಯೇ ಕತ್ತಿ ಹಿಡಿದೆ.

ನೆಟ್ಟಗೆ ನಿಲ್ಲುವ ಕಡ್ಡಿಯ ತುದಿಯನ್ನು ಉಳಿಯ ಬಾಯಿಯಂತೆ ಚಪ್ಪಟೆ ಮಾಡಿದೆ. ಓರೆ ಕಡ್ಡಿಯ ಮೇಲ್ಭಾಗದಲ್ಲಿ ಒಂದು ಕಚ್ಚು, ಅದು ಈ ತುದಿಯ ಮೇಲೆ ಕೂರುತ್ತದೆ. ಓರೆ ಕಡ್ಡಿಯ ಮೇಲಿನ ತುದಿ ಕಲ್ಲನ್ನು ಹೊರುತ್ತದೆ. ಕಲ್ಲಿನ ಭಾರಕ್ಕೆ ಅದರ ಕೆಳತುದಿ ಹೊರಕ್ಕೆ ಚಿಮ್ಮಲು ನೋಡುತ್ತದೆ. ಅದನ್ನು ತಡೆಯುವುದು ಅಡ್ಡ ಕಡ್ಡಿಯ ಹೊರತುದಿಯ ಕಚ್ಚು. ಅಡ್ಡ ಕಡ್ಡಿಯ ನಡುವಿನ ಇನ್ನೊಂದು ಕಚ್ಚು ನೆಟ್ಟ ಕಡ್ಡಿಯ ಪಕ್ಕಕ್ಕೆ ಸಿಕ್ಕಿಕೊಂಡಿರುತ್ತದೆ. ಕಲ್ಲಿನ ಕೆಳಗಿರುವ ಒಳತುದಿಗೆ ಪ್ರಾಣಿಯನ್ನು ಸೆಳೆಯುವ ಮೇವು. ಮೇವು ಎಳೆದರೆ ನಡುಗಚ್ಚು ಜಾರುತ್ತದೆ, ಅಷ್ಟೇ, ಎಲ್ಲ ಕುಸಿದು ಕಲ್ಲು ಪ್ರಾಣಿಯ ಮೇಲೆ ಬೀಳುತ್ತದೆ.

ಈ ನಡುಗಚ್ಚೇ ಬೋನಿನ ಪ್ರಾಣ. ನೆಟ್ಟ ಕಡ್ಡಿ ದುಂಡಗಿದ್ದರೆ ಹಿಡಿತ ನಿಲ್ಲುವುದಿಲ್ಲ. ಆ ಜಾಗವನ್ನು ಚೌಕ ಮಾಡಿ ಚೂಪಾದ ಮೂಲೆ ತೆಗೆಯಬೇಕು. ಕಚ್ಚು ಆಳ ಆದಷ್ಟೂ ಇಲಿ ಎಳೆದರೂ ಜಾರದು. ಉಗುರಿನ ದಪ್ಪದಷ್ಟು ಸಿಕ್ಕಿಕೊಂಡರೆ ಸಾಕು. ನಾನು ಸ್ವಲ್ಪ ಸ್ವಲ್ಪವೇ ಕೆತ್ತಿ, ಹಗುರ ಹಲಗೆ ಹೊರಿಸಿ, ಕೋಲಿನಿಂದ ತಟ್ಟಿ ನೋಡುತ್ತಾ ಹೋದೆ. ಕೀಲು ಪಳಗುವವರೆಗೆ ಕಲ್ಲು ಮುಟ್ಟಬೇಡಿ, ಬೆರಳು ಜಜ್ಜಿಹೋಗುತ್ತದೆ.

ನಮ್ಮ ಮಣ್ಣು ಮಳೆಗಾಲದಲ್ಲಿ ಮೆತ್ತಗೆ. ನೆಟ್ಟ ಕಡ್ಡಿ ಸುಮ್ನೆ ಹೂತುಹೋಗುತ್ತದೆ. ಅದರ ಬುಡಕ್ಕೆ ಒಂದು ಚಪ್ಪಟೆ ಕಲ್ಲು ಇಡಲೇಬೇಕು. ಮೇವಿಗೆ ಇಡುವ ಒಣ ಮೀನನ್ನು ದಾರದಿಂದ ಬಿಗಿಯಾಗಿ ಕಟ್ಟುವುದು ಒಳ್ಳೆಯದು, ಆಗ ಇಲಿ ಜಗ್ಗಲೇಬೇಕಾಗುತ್ತದೆ.

ನಾನು ಇದನ್ನು ಹೂಡಿದ್ದು ಮನೆಯ ಉಗ್ರಾಣದಲ್ಲಿ, ಇಲಿಗೆ ಮಾತ್ರ. ನಾಗರಹೊಳೆ, ಬ್ರಹ್ಮಗಿರಿಯ ಕಾಡಿನಲ್ಲಿ ಪ್ರಯೋಗಕ್ಕೂ ಹೂಡಬಾರದು. 1972ರ ವನ್ಯಜೀವಿ ಕಾಯ್ದೆ ಬೋನು ಹಾಕುವ ಪ್ರಯತ್ನವನ್ನೂ ಬೇಟೆ ಅಂತಲೇ ನೋಡುತ್ತದೆ. ತೋಟದ ಬೇಲಿಯಲ್ಲೂ ಬೇಡ. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದು ಸಾಯುವುದನ್ನು ಕೇಳಿದ್ದೀವಲ್ವಾ? ಬೋನಿಗೂ ಯಾವ ಪ್ರಾಣಿ ಬಂತು ಅಂತ ಗೊತ್ತಾಗುವುದಿಲ್ಲ. ಕಲಿಯುವವರು ಅಂಗಳದಲ್ಲಿ ಹಲಗೆ ಇಟ್ಟು ಕಲಿಯಿರಿ, ಮುಗಿದ ಮೇಲೆ ಕೀಲು ಬಿಚ್ಚಿಡಿ.