ಮಡಿಕೇರಿಯಲ್ಲಿ ರಾತ್ರಿ ಊಟಕ್ಕೆ ಒಳ್ಳೆ ಹಳೇ ಬಾರ್ ಹುಡುಕುವುದು ಹೇಗೆ

ನಾನು ಮಡಿಕೇರಿಯಲ್ಲಿ 19 ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ರಾಜಾಸೀಟಿನಲ್ಲಿ ಸೂರ್ಯ ಮುಳುಗಿದ ಕೂಡಲೇ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ ಬರುತ್ತದೆ. "ಅಣ್ಣಾ, ಒಳ್ಳೆ ಪಂದಿ ಕರಿ ಎಲ್ಲಿ ಸಿಗುತ್ತೆ? ಕೂತು ಒಂದು ಬಿಯರ್ ಕುಡಿಯೋ ಹಾಗಿರಬೇಕು. ಮನೆಯವರೂ ಇದ್ದಾರೆ."

ಪಂದಿ ಕರಿ ಅಂದರೆ ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ. ಇಲ್ಲಿ ನಾನು ಯಾವ ಬಾರಿನ ಹೆಸರನ್ನೂ ಹೇಳುವುದಿಲ್ಲ. ಅಡುಗೆಯವನು ಬಿಟ್ಟು ಹೋದರೆ ಬೋರ್ಡು ಅದೇ ಇರುತ್ತದೆ, ಕರಿ ಮಾತ್ರ ಬೇರೆ ಆಗುತ್ತದೆ. ಅದಕ್ಕೇ ಹುಡುಕುವ ದಾರಿ ಹೇಳುತ್ತೇನೆ. ಮಡಿಕೇರಿಯಲ್ಲಿ ಕಲಿತದ್ದು ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದಲ್ಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಮಾತು. ಬಾರ್ ಅಂದ ಕೂಡಲೇ ಹೆಂಗಸರು, ಮಕ್ಕಳು ಇದ್ದವರು ಹಿಂದೆ ಸರಿಯುತ್ತಾರೆ. ಕೊಡಗಿನಲ್ಲಿ ಅಷ್ಟು ಹೆದರಬೇಕಾಗಿಲ್ಲ. ನಮ್ಮಲ್ಲಿ ಗುರುಕಾರಣರಿಗೆ, ಅಂದರೆ ಮನೆತನದ ತೀರಿಕೊಂಡ ಹಿರಿಯರಿಗೆ, ಎಡೆ ಇಡುವಾಗಲೂ ಎಲೆಯ ಪಕ್ಕದಲ್ಲಿ ಒಂದು ಲೋಟ ಮದ್ಯ ಇರುತ್ತದೆ. ಊಟದ ಜೊತೆ ಕುಡಿಯುವುದು ಇಲ್ಲಿ ಮುಚ್ಚಿಡುವ ವಿಷಯವಲ್ಲ. ಹಳೇ ಬಾರುಗಳಲ್ಲಿ ಒಳಗೆ ಅಥವಾ ಮಹಡಿ ಮೇಲೆ ಫ್ಯಾಮಿಲಿ ರೂಮ್ ಇರುತ್ತದೆ. ಅಲ್ಲಿ ಊರಿನ ಕುಟುಂಬವೊಂದು ಅಜ್ಜಿ ಸಮೇತ ಕೂತು ಉಣ್ಣುತ್ತಿದೆಯಾ ನೋಡಿ. ಅಜ್ಜಿ ಕೂತಿದ್ದಾರೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಹುಬ್ಬಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಅಪ್ಪ, ಅಮ್ಮ, ಮಗ, ಸೊಸೆ. ಅವತ್ತು ಮಳೆ, ಕತ್ತಲು, ನನಗೂ ಸುಸ್ತು. ಹೊಸದಾಗಿ ಲೈಟು ಹಾಕಿದ್ದ ಒಂದು ಜಾಗದ ಮುಂದೆ ಇಳಿಸಿಬಿಟ್ಟೆ. ಅಲ್ಲಿ ಡ್ರೈವರಿಗೆ ಊಟ ಫ್ರೀ. ತಟ್ಟೆಗೆ ಬಂದ ಕರಿ ಕೆಂಪಗಿತ್ತು. ಮೆಣಸಿನ ಪುಡಿ, ಹುಣಸೆಹಣ್ಣು, ಮೇಲೆ ತೇಲುವ ಎಣ್ಣೆ. ಯಜಮಾನರು ಎರಡು ತುತ್ತು ತಿಂದು ನನ್ನನ್ನು ನೋಡಿ ಕೇಳಿದರು: "ಇದನ್ನ ತಿನ್ನಾಕ ಇಷ್ಟ್ ದೂರ ಬಂದ್ವಿ ಏನ್ರಿ?" ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹಳೇ ಬಾರಿಗೆ ನಾನೇ ಮುಂದೆ ನಿಂತು ಕರೆದುಕೊಂಡು ಹೋದೆ. ಅಲ್ಲಿ ಅವರು ಎರಡು ಸಲ ಕೇಳಿ ಹಾಕಿಸಿಕೊಂಡರು.

ಹಾಗಾಗಿ ಡ್ರೈವರನ್ನು "ಎಲ್ಲಿ ಚೆನ್ನಾಗಿದೆ" ಅಂತ ಕೇಳಬೇಡಿ. "ನಿಮ್ಮ ಮನೆಯವರನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತೀರಿ?" ಅಂತ ಕೇಳಿ. ಇದಕ್ಕೆ ಯಾರೂ ಸುಮ್ನೆ ಉತ್ತರ ಕೊಡುವುದಿಲ್ಲ, ಯೋಚಿಸಿಯೇ ಹೇಳುತ್ತಾರೆ.

ಒಳಗೆ ಹೋದ ಮೇಲೆ ಪಂದಿ ಕರಿ ಇದೆಯಾ ಅಂತ ಕೇಳಿದರೆ ಪ್ರಯೋಜನ ಇಲ್ಲ. ಎಲ್ಲರೂ ಇದೆ ಅನ್ನುತ್ತಾರೆ. ಅದರ ಜೊತೆ ಕೊಡುವ ಅಕ್ಕಿ ಉಂಡೆ, ಅಂದರೆ ಕಡಂಬುಟ್ಟು, ಎಷ್ಟು ಹೊತ್ತಿಗೆ ಇಳಿಸುತ್ತೀರಿ ಅಂತ ಕೇಳಿ. ಪಂದಿ ಕರಿ ಒಂದು ದಿನ ಕೂತರೆ ರುಚಿ ಜಾಸ್ತಿ ಆಗುತ್ತದೆ. ನಮ್ಮ ಮನೆಯಲ್ಲಿ ಹಬ್ಬದ ಮಾರನೇ ದಿನದ ಕರಿಗೇ ಜಗಳ. ಕಡಂಬುಟ್ಟು ಹಾಗಲ್ಲ. ಅದು ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಇಟ್ಟು ಮಾಡುವಂಥದ್ದು. ಹಬೆಯಿಂದ ಇಳಿಸಿದ ಅರ್ಧ ಮುಕ್ಕಾಲು ಗಂಟೆ ಮಾತ್ರ ಅದರ ಒಳ್ಳೆ ಕಾಲ. ಆಮೇಲೆ ಮೇಲಿನ ಪದರ ಒಣಗುತ್ತದೆ. ಬೆಳಗಿನದ್ದನ್ನು ಬಿಸಿ ಮಾಡಿ ಕೊಟ್ಟರೆ ಕೈಯಲ್ಲಿ ಒತ್ತಿದ ಕೂಡಲೇ ಬಿರುಕು ಬಿಡುತ್ತದೆ. ಬಿಸಿ ಉಂಡೆಯನ್ನು ಬೆರಳಿನಲ್ಲಿ ಮುರಿದರೆ ಒಳಗೆ ಮೆತ್ತಗಿರಬೇಕು, ತರಿ ತರಿ ಕಾಣಬೇಕು, ಕರಿಯ ರಸ ಹೀರಬೇಕು. "ಏಳೂವರೆಗೆ ಒಂದು ಸಲ ಇಳಿಸ್ತೀವಿ" ಅಂತ ಯಾವ ಬಾರಿನವರು ಹೇಳುತ್ತಾರೋ, ಅಲ್ಲಿ ಕೂತುಕೊಳ್ಳಿ. "ಯಾವಾಗ ಬೇಕಾದರೂ ಸಿಗುತ್ತೆ" ಅಂದರೆ ನಾನು ಎದ್ದು ಬರುತ್ತೇನೆ.

ಪುಟ್ಟು ಯಾವುದಕ್ಕೆ ಯಾವುದು ಅನ್ನುವುದೂ ಗೊತ್ತಿರಲಿ. ಪಂದಿಗೆ ಕಡಂಬುಟ್ಟು, ಕೋಳಿಗೆ ಅಕ್ಕಿ ಶಾವಿಗೆಯಂಥ ನೂಲ್‌ಪುಟ್ಟು. ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ಯಾವುದರ ಜೊತೆಗೂ ಹೋಗುತ್ತದೆ.

ಇನ್ನು ಹುಳಿ. ನನ್ನ ಮಟ್ಟಿಗೆ ಎಲ್ಲಾ ಗುಟ್ಟು ಇರುವುದು ಇದರಲ್ಲೇ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಹಾಕುತ್ತಾರೆ. ಶಿರಸಿ ಕಡೆಯವರು ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಹಣ್ಣು. ಮಳೆಗಾಲದಲ್ಲಿ ಹಣ್ಣಾಗಿ ಬಿದ್ದದ್ದನ್ನು ರಾಶಿ ಹಾಕಿ, ಸೋರಿದ ರಸವನ್ನು ಹಿಡಿದು, ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಕೊನೆಗೆ ಉಳಿಯುವುದು ಜೋನಿ ಬೆಲ್ಲದ ಹಾಗೆ ಗಟ್ಟಿಯಾದ ಕಪ್ಪು ರಸ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು, ಅದೂ ಕೊನೆಯಲ್ಲಿ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕರಿಮೆಣಸನ್ನು ಕಪ್ಪಾಗುವ ತನಕ ಹುರಿದು ಪುಡಿ ಮಾಡಿ ಹಾಕಿ, ಮೇಲೆ ಈ ಹುಳಿ ಬಿದ್ದರೆ ಕರಿ ಕಾಫಿ ಬೀಜದ ಬಣ್ಣಕ್ಕೆ ಬರುತ್ತದೆ. ಮಾಂಸ ಚರ್ಮ, ಕೊಬ್ಬು ಸಮೇತ ಇರಬೇಕು. ಕೊಬ್ಬು ತೆಗೆದು ಮಾಡಿದರೆ ಹುಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಅಡುಗೆಮನೆಯಿಂದ ಒಂದು ಚಮಚದಲ್ಲಿ ಎರಡು ತೊಟ್ಟು ಕಾಚಂಪುಳಿ ತಂದು ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಒಳ್ಳೆ ಜಾಗದವರಿಗೆ ಖುಷಿಯೇ ಆಗುತ್ತದೆ. ನಾನು ಹೋಗುವ ಬಾರಿನ ಅಡುಗೆಯ ಅಕ್ಕ ಬಾಟಲಿಯನ್ನೇ ತಂದು ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಚಮಚ ಓರೆ ಮಾಡಿದರೆ ಅದು ನಿಧಾನವಾಗಿ ಇಳಿಯಬೇಕು. ನೀರಿನ ಹಾಗೆ ಓಡಿದರೆ, ಇಲ್ಲವೇ ಮೂಗಿಗೆ ವಿನಿಗರ್ ಹೊಡೆದರೆ ಬಿಲ್ಲು ಕೊಟ್ಟು ಹೊರಡಿ.

"ಕಾಡು ಹಂದಿ ಇದೆ ಸಾರ್" ಅಂತ ಕಿವಿಯಲ್ಲಿ ಹೇಳುವವರ ಹತ್ತಿರ ಕೂರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆಯ ಮಾಂಸ ಮಾರುವುದು ಅಪರಾಧ. ಅವನು ಹೇಳುವುದು ಸುಳ್ಳಾದರೆ ನಿಮಗೆ ಮೋಸ, ನಿಜವಾದರೆ ಕಾಡಿಗೆ ಮೋಸ.

ದಿನ ಯಾವುದು ಅನ್ನುವುದೂ ಮುಖ್ಯ. ಶನಿವಾರ ರಾತ್ರಿ ಬೆಂಗಳೂರು, ಮೈಸೂರಿನ ಕಾರುಗಳು ತುಂಬಿರುತ್ತವೆ. ಅಡುಗೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ನನ್ನನ್ನು ಕೇಳಿದರೆ ಶುಕ್ರವಾರ ಬನ್ನಿ. ಮಡಿಕೇರಿ ಸಂತೆ ಅವತ್ತೇ. ಸಂತೆ ಮುಗಿಸಿದ ತೋಟದವರು ಬಾರಿಗೆ ಬರುತ್ತಾರೆ. ಅವರ ಮುಂದೆ ಕೆಟ್ಟ ಕರಿ ಇಡುವ ಧೈರ್ಯ ಯಾರಿಗೂ ಇಲ್ಲ. ಅಕ್ಟೋಬರ್ 2ಕ್ಕೆ ಮತ್ತು ಚುನಾವಣೆಯ ದಿನಗಳಲ್ಲಿ ಮದ್ಯ ಸಿಗುವುದಿಲ್ಲ, ನೆನಪಿರಲಿ.

ಸಾಧ್ಯವಾದರೆ ಮಳೆಗಾಲದಲ್ಲಿ ಬನ್ನಿ. ಜುಲೈ, ಆಗಸ್ಟಿನಲ್ಲಿ ಬಿದಿರಿನ ಎಳೆ ಮೊಳಕೆಯ, ಅಂದರೆ ಕಣಿಲೆಯ, ಬೈಂಬಳೆ ಕರಿ ಸಿಗುತ್ತದೆ. ಅದೃಷ್ಟ ಇದ್ದರೆ ಕುಮ್ಮು ಕರಿ, ಅಂದರೆ ಕಾಡಿನ ಅಣಬೆಯದ್ದು. ಮಾಂಸ ತಿನ್ನದವರು ಜೊತೆಗಿದ್ದರೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆಗಸ್ಟ್ 3ರಂದು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ, ನೇರಳೆ ಬಣ್ಣದ್ದು. ತಿಂದ ಮಾರನೇ ದಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ. ಇದು ಬಾರಿನ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಅಡುಗೆಯವರು ತಮ್ಮ ಮನೆಯಿಂದ ತಂದದ್ದು ಒಳಗೆ ಇರಬಹುದು. ಕೇಳಿ ನೋಡಿ, ಎಷ್ಟೋ ಸಲ ನನಗೆ ಹಾಗೆಯೇ ಸಿಕ್ಕಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಕುಡಿದವರು ಸ್ಟಿಯರಿಂಗ್ ಮುಟ್ಟಬಾರದು. ಇಲ್ಲಿನ ರಸ್ತೆ ತಿರುವು ತಿರುವು, ಮಂಜು ಬಿದ್ದರೆ ಬಾನೆಟ್ ಸಹ ಕಾಣುವುದಿಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಕತ್ತಲಾದ ಮೇಲೆ ಆನೆ ರಸ್ತೆಗೆ ಬರುತ್ತದೆ. ನಿಮ್ಮ ಹೋಂಸ್ಟೇ ಆ ಕಡೆ ಇದ್ದರೆ ಮಡಿಕೇರಿಯ ಬಾರಿನ ಆಸೆ ಬಿಡಿ. ಹತ್ತಿರದ ಪೇಟೆಯಲ್ಲೇ ಬೇಗ ಊಟ ಮುಗಿಸಿ. ಹೋಂಸ್ಟೇಯ ಅಕ್ಕನಿಗೆ ಬೆಳಿಗ್ಗೆಯೇ ಹೇಳಿದರೆ ಅವರೇ ಕಡಂಬುಟ್ಟು ಮಾಡಿಕೊಡಬಹುದು. ಅದು ಯಾವ ಬಾರಿನದ್ದಕ್ಕೂ ಕಡಿಮೆ ಇರುವುದಿಲ್ಲ.

ಮಡಿಕೇರಿಯಲ್ಲೇ ಉಳಿದಿದ್ದರೆ ಏಳೂಕಾಲಿಗೆ ಬಾರಿನೊಳಗೆ ಇರಿ. ಮಳೆಯ ದಿನ ಒಂಬತ್ತೂವರೆ ಆದರೆ ಒಲೆ ಆರಿಸಿಬಿಡುತ್ತಾರೆ. ಮೊದಲು ಒಂದೇ ಪ್ಲೇಟ್ ಪಂದಿ ಕರಿ ಹೇಳಿ, ರುಚಿ ನೋಡಿ, ಆಮೇಲೆ ಉಳಿದದ್ದು. ಕುಶಾಲನಗರದಿಂದ ಮೇಲೆ ಬರುತ್ತಿದ್ದರೆ ಇನ್ನೂ ಸುಲಭ. ಸುಂಟಿಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬಾರಿಗೆ ಒಂದು ಫೋನ್ ಮಾಡಿ, "ನಾಲ್ಕು ಜನಕ್ಕೆ ಕಡಂಬುಟ್ಟು ಎತ್ತಿಡಿ, ಏಳೂವರೆಗೆ ಬರ್ತೀವಿ" ಅಂತ ಹೇಳಿಬಿಡಿ.