ಎರಡೂ ತೋಳು ಬಲಗೈಗೆ: ಐಸಿಯು ಡೈರಿಯ ನನ್ನ ಅನುಭವ

ದಾವಣಗೆರೆ ಸೀಮೆಯಲ್ಲಿ 14 ಹಾಸಿಗೆಯ ಒಂದು ಐಸಿಯುಗೆ ನಾನು ಇನ್‌ಚಾರ್ಜ್ ಸಿಸ್ಟರ್. 2022ರ ಮಳೆಗಾಲದಲ್ಲಿ, ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೂ ಒಂದು ಡೈರಿ ಬರೆಯೋಣ, ನೆನಪಿಲ್ಲದ ಆ ದಿನಗಳಲ್ಲಿ ಏನಾಯಿತು ಅಂತ ಆಮೇಲೆ ಅವರು ಓದಿ ತಿಳಿಯಲಿ ಅಂತ ಹೇಳಿದಾಗ ನಮ್ಮ ಹುಡುಗಿಯರೇ ಮುಖ ಸಪ್ಪಗೆ ಮಾಡಿದರು. "ಚಾರ್ಟ್ ಬರೆಯೋಕೇ ಕೈ ಸಾಲಲ್ಲ ಮೇಡಂ" ಅಂದರು. ನಮ್ಮ ಒಬ್ಬ ಡಾಕ್ಟರು ಇನ್ನೂ ಮುಂದೆ ಹೋಗಿ, ಫ್ರಾನ್ಸಿನ 35 ಐಸಿಯುಗಳಲ್ಲಿ ಡೈರಿ ಬರೆದು ನೋಡಿದ್ದಾರೆ, ಮೂರು ತಿಂಗಳ ಮೇಲೆ ಪಿಟಿಎಸ್‌ಡಿ (ಆಘಾತದ ನಂತರ ಮನಸ್ಸನ್ನು ಬಿಡದೆ ಕಾಡುವ ಭಯ, ಕೆಟ್ಟ ನೆನಪಿನ ಕಾಯಿಲೆ) ಏನೂ ಕಡಿಮೆಯಾಗಿರಲಿಲ್ಲ, 2019ರಲ್ಲೇ ಬಂದಿದೆ ಓದಿ ಅಂತ ಪೇಪರ್ ಕಳಿಸಿದರು. ಓದಿದೆ. 2010ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಅದೇ ತೊಂದರೆ ನೂರಕ್ಕೆ 13ರಿಂದ 5ಕ್ಕೆ ಇಳಿದಿತ್ತು, ಅದನ್ನು ನಾನೂ ಕಳಿಸಿದೆ. ಮಾತು ಅಲ್ಲಿಗೇ ನಿಂತಿತು. ಈಗ ಅದೇ ಡಾಕ್ಟರು ರೌಂಡ್ಸ್‌ಗೆ ಬಂದರೆ ಮೊದಲು ಕೇಳುವುದು "ಇವರ ಡೈರಿ ಎಲ್ಲಿ ಸಿಸ್ಟರ್" ಅಂತ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ರಾಸ್ (ಮಂಪರು ಎಷ್ಟಿದೆ ಅನ್ನುವ ಅಳತೆ), ಕ್ಯಾಮ್-ಐಸಿಯು (ಭ್ರಮೆ ಇದೆಯೇ ಅನ್ನುವ ಪರೀಕ್ಷೆ), ಬೇಗ ಎಬ್ಬಿಸಿ ಕೂರಿಸುವುದು, ಇದೆಲ್ಲ ನಿಮ್ಮ ಐಸಿಯುಗಳಲ್ಲೂ ನಡೆಯುತ್ತಿರುತ್ತದೆ, ಅದನ್ನು ಬಿಡುತ್ತೇನೆ. ಮಂಪರಿಗೆ ಕೊಡುವ ಮಿಡಜೋಲಮ್ ಕಡಿಮೆ ಮಾಡಿಸಿದ್ದರಲ್ಲೂ ನನ್ನ ಪಾಲಿದೆ, ಅದು ಬೇರೆ ಜಗಳ. ನಾನು ಹೇಳಬೇಕಾದದ್ದು ರೋಗಿ ಮನೆಗೆ ಹೋದ ಮೇಲಿನ ಮಾತು.

ಮೊದಲ 20 ಡೈರಿ ಪೂರ್ತಿ ವ್ಯರ್ಥ. "ಸ್ಯಾಚುರೇಶನ್ 84ಕ್ಕೆ ಇಳಿಯಿತು, ಸಕ್ಷನ್ ಮಾಡಲಾಯಿತು" ಅಂತ ಬರೆದಿದ್ದೆವು. ಅದು ಚಾರ್ಟೇ, ಕನ್ನಡದಲ್ಲಿ ಬರೆದ ಚಾರ್ಟು. ಯಾರೂ ಓದಲಿಲ್ಲ. ಒಬ್ಬರ ಮನೆಯಲ್ಲಿ ಅದೇ ನೋಟ್‌ಬುಕ್ಕಿನ ಹಿಂದೆ ಹಾಲಿನ ಲೆಕ್ಕ ಬರೆದಿದ್ದು ನೋಡಿದೆ. ಆಮೇಲೆ ಕಾಗದ ಬರೆಯುವ ಹಾಗೆ ಬರೆಯಲು ಹೇಳಿದೆ: "ಇವತ್ತು ನಿಮ್ಮ ತಂಗಿ ಬಂದು ಅರ್ಧ ಗಂಟೆ ಕೈ ಹಿಡಿದು ಕೂತಿದ್ದರು. ನೀವು ಕಣ್ಣು ಬಿಟ್ಟಿರಿ, ಆದರೆ ಗುರುತು ಹಿಡಿಯಲಿಲ್ಲ. ಹೊರಗೆ ಜೋರು ಮಳೆ." ದಿನಕ್ಕೆ ನಾಲ್ಕೈದು ಸಾಲು, ಅಷ್ಟೇ. ಬರೆಯಲು ಬಾರದ ಮನೆಯವರು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಇಟ್ಟುಕೊಂಡರು. ಅದನ್ನು ನಾನು ಹೇಳಿಕೊಟ್ಟದ್ದಲ್ಲ, ಜಗಳೂರು ಕಡೆಯ ಒಬ್ಬ ಅಜ್ಜಿಯ ಮೊಮ್ಮಗ ತಾನಾಗಿಯೇ ಮಾಡಿದ್ದು. ನೋಟ್‌ಬುಕ್ಕಿಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು.

ಎರಡನೇ ತಪ್ಪು, ಡಿಸ್ಚಾರ್ಜ್ ದಿನವೇ ಡೈರಿ ಕೈಗೆ ಕೊಟ್ಟದ್ದು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರು ಮೂರನೇ ಪುಟಕ್ಕೇ ಬೆವೆತು ನಡುಗಿದರು, ನೋಟ್‌ಬುಕ್ ಬಿಸಾಡಿದರು. ಈಗ ಒಂದು ತಿಂಗಳು ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಅವರಾಗಿ "ನಂಗೆ ಅಲ್ಲಿ ಏನಾಯ್ತು" ಅಂತ ಕೇಳಿದ ಮೇಲೆ, ಪಕ್ಕದಲ್ಲಿ ಕೂತು ಓದುತ್ತೇವೆ.

ಮೂರನೆಯದು ತಪ್ಪಲ್ಲ, ನನ್ನ ಮನಸ್ಸಿನ ಭಾರ. ಕೀಟನಾಶಕ ಕುಡಿದು ಬಂದಿದ್ದ ಒಬ್ಬ ಹುಡುಗ. ಆ ವಿಷಕ್ಕೆ ಕೊಡುವ ಅಟ್ರೊಪಿನ್ ಔಷಧಿಯ ಅಮಲಿನಲ್ಲಿ ನಾಲ್ಕು ದಿನ ಗಾಳಿಯಲ್ಲಿ ಏನೇನೋ ಹಿಡಿಯುತ್ತಿದ್ದ. ಬದುಕಿಕೊಂಡ. ಡೈರಿ ಮನೆಗೆ ಹೋಯಿತು. ಅವನ ದೊಡ್ಡಪ್ಪ ಹತ್ತು ಜನರ ಮುಂದೆ ಅದನ್ನು ಗಟ್ಟಿಯಾಗಿ ಓದಿ, "ನೋಡು, ನಿನ್ನಿಂದ ನಿಮ್ಮವ್ವ ಎಷ್ಟು ಅತ್ತಾಳೆ" ಅಂದರಂತೆ. ಹುಡುಗ ಆಮೇಲೆ ನಮ್ಮ ಫೋನ್ ಎತ್ತಲಿಲ್ಲ. ಊರಿನ ಆಶಾ ಕಾರ್ಯಕರ್ತೆಯಿಂದ ಚೆನ್ನಾಗಿದ್ದಾನೆ ಅಂತ ತಿಳಿಯುವವರೆಗೆ ಎರಡು ತಿಂಗಳು ನನಗೆ ನಿದ್ದೆ ಇರಲಿಲ್ಲ. ಅಂದಿನಿಂದ ವಿಷದ ಕೇಸಿಗೆ ಸೈಕಿಯಾಟ್ರಿ ಡಾಕ್ಟರು ನೋಡದೆ ಡೈರಿ ಹೊರಗೆ ಹೋಗುವುದಿಲ್ಲ. ಹೋದರೂ ರೋಗಿಯ ಕೈಗೇ, ಒಳಗಡೆ ಮಾನಸಿಕ ನೆರವಿನ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದು.

ಈಗ ಬ್ಲೌಸ್ ಹೊಲಿಯುವ ಅಕ್ಕನ ವಿಷಯ. ಹರಿಹರದ ಹತ್ತಿರದ ಹಳ್ಳಿ, ವಯಸ್ಸು 38 ಇರಬೇಕು. ಸೋಂಕು ಮೈಯೆಲ್ಲ ಕೆಡಿಸುವ ಸೆಪ್ಸಿಸ್ ಆಗಿ 17 ದಿನ ಉಸಿರಾಟದ ಟ್ಯೂಬ್ ಮೇಲಿದ್ದರು. ಎರಡೂವರೆ ತಿಂಗಳ ಮೇಲೆ ಅವರ ಯಜಮಾನರು ಕರೆದುಕೊಂಡು ಬಂದರು. "ಮೈಗೇನೂ ಇಲ್ಲ ಸಿಸ್ಟರ್, ಮೈಗಳ್ಳತನ ಕಲಿತಾಳೆ. ಇಲ್ಲಾಂದ್ರೆ ಏನೋ ಸೋಕೈತೆ." ಅಕ್ಕನ ಕೊರಳಲ್ಲಿ ಆಗಲೇ ಎರಡು ತಾಯಿತ. ಅಕ್ಕ ಚೀಲದಿಂದ ಒಂದು ಹಸಿರು ಬ್ಲೌಸ್ ಪೀಸ್ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಎರಡೂ ತೋಳು ಬಲಗೈಗೇ ಕತ್ತರಿಸಿದ್ದರು. ಒಂದಲ್ಲ, ಅದೇ ತರಹ ಮೂರು ಬ್ಲೌಸ್. ಗಿರಾಕಿಗಳಿಗೆ ಬಟ್ಟೆ ದುಡ್ಡು ಕಟ್ಟಿಕೊಟ್ಟದ್ದೇ ಸಾವಿರ ಚಿಲ್ಲರೆ. "ಅಳತೆ ಓದ್ತೀನಿ, ಕತ್ತರಿ ಹಿಡಿಯೋದ್ರೊಳಗೆ ಹಾರಿಹೋಗುತ್ತೆ" ಅಂದರು.

ಯಜಮಾನರನ್ನು ಬೇರೆ ಕೂರಿಸಿ ಹೇಳಿದೆ: ಅಮೆರಿಕದ ವಾಂಡರ್‌ಬಿಲ್ಟ್‌ನವರು 2013ರಲ್ಲಿ ತೋರಿಸಿದ್ದಾರೆ, ಐಸಿಯುನಿಂದ ಬದುಕಿ ಬಂದ ಮೂವರಲ್ಲಿ ಒಬ್ಬರಿಗೆ ಒಂದು ವರ್ಷವಾದರೂ ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಹಾಗೆ ಮರೆವು, ತಡವರಿಕೆ ಇರುತ್ತದೆ. ಎಷ್ಟು ದಿನ ಭ್ರಮೆಯಲ್ಲಿದ್ದರೋ ಅಷ್ಟೂ ಹೆಚ್ಚು. ಇವರು ಒಂಬತ್ತು ದಿನ ಭ್ರಮೆಯಲ್ಲಿದ್ದರು. ಅವರು ತಲೆ ತಗ್ಗಿಸಿ ಕೂತರು.

ಅಕ್ಕನಿಗೆ ಇನ್ನೊಂದು ಕಾಟ. ಕಣ್ಣು ಮುಚ್ಚಿದರೆ, ಕೈ ಕಟ್ಟಿ ಲಾರಿಯಲ್ಲಿ ಹಾಕಿಕೊಂಡು ಯಾರೋ ಒಯ್ಯುತ್ತಾರೆ, ಲಾರಿ ಇಳಿಜಾರಿನಲ್ಲಿ ಓಡುತ್ತದೆ, ಮೇಲೆ ದೀಪಗಳು ಒಂದಾದ ಮೇಲೊಂದು ಹಿಂದೆ ಹೋಗುತ್ತವೆ. ಡೈರಿ ತೆಗೆದೆ. ಆರನೇ ದಿನದ ಪುಟ: "ರಾತ್ರಿ ನಿಮ್ಮನ್ನು ಸಿಟಿ ಸ್ಕ್ಯಾನ್‌ಗೆ ಕರೆದುಕೊಂಡು ಹೋದೆವು. ಟ್ಯೂಬ್ ಎಳೆದುಕೊಳ್ಳುತ್ತಿದ್ದಿರಿ, ಅದಕ್ಕೆ ಕೈ ಮೆತ್ತಗೆ ಕಟ್ಟಿದ್ದೆವು. ಲಿಫ್ಟ್ ಕೆಟ್ಟಿತ್ತು, ರ್‍ಯಾಂಪ್‌ನಲ್ಲಿ ಇಳಿಸಿದೆವು." ಅವರು ಎರಡು ಸಲ ಓದಿಸಿಕೊಂಡರು. ಆಮೇಲೆ ರ್‍ಯಾಂಪ್ ತೋರಿಸಿ ಅಂದರು. ಕರೆದುಕೊಂಡು ಹೋದೆ. ಮೇಲಿನ ಟ್ಯೂಬ್‌ಲೈಟ್ ಎಣಿಸಿದರು, ಏಳು. ಕೆಳಗೆ ಬಂದು ಗೋಡೆ ಹಿಡಿದು ಬಹಳ ಹೊತ್ತು ಅತ್ತರು. ಆ ಕನಸು ಅವತ್ತೇ ನಿಂತಿತು ಅಂತ ನಾನು ಹೇಳುವುದಿಲ್ಲ. ವಾರಕ್ಕೆ ನಾಲ್ಕೈದು ಸಲ ಬರುತ್ತಿದ್ದದ್ದು ಎರಡು ತಿಂಗಳಲ್ಲಿ ಯಾವಾಗಲೋ ಒಮ್ಮೆ ಅನ್ನುವಷ್ಟಕ್ಕೆ ಬಂತು.

ಕೈಕೆಲಸಕ್ಕೆ ಹಿಡಿದ ದಾರಿ ಬೇರೆ. ಮೊದಲು ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆ ಹಾಕಿ ನೋಡುತ್ತಿದ್ದೆವು. ನಾಲ್ಕನೇ ಕ್ಲಾಸ್ ಓದಿದವರಿಗೆ 30ಕ್ಕೆ 14 ಬಂದರೆ ಅದು ಐಸಿಯುನದೋ ಶಾಲೆಯದೋ ಹೇಗೆ ಹೇಳುವುದು? ಈಗಲೂ ಹಾಕುತ್ತೇವೆ, ಆದರೆ ಜತೆಗೆ ಮನೆಯವರನ್ನು "ಕಾಯಿಲೆಗೆ ಮುಂಚೆ ಇವರು ಏನು ಮಾಡುತ್ತಿದ್ದರು" ಅಂತ ಕೇಳಿ ಬರೆದುಕೊಳ್ಳುತ್ತೇವೆ. ಮೆಕ್ಕೆಜೋಳದ ಚೀಲದ ಲೆಕ್ಕ, ಸಂಘದ ಕಂತು, ಒಲೆ ಮೇಲೆ ಎರಡು ಪಾತ್ರೆ ಒಟ್ಟಿಗೆ ನೋಡಿಕೊಳ್ಳುವುದು. ಆ ಕೆಲಸವನ್ನೇ ತುಂಡು ಮಾಡಿ ಕೊಡುತ್ತೇವೆ. ಅಕ್ಕನಿಗೆ ಮೊದಲ 15 ದಿನ ಹಳೇ ಪೇಪರ್ ಮೇಲೆ ಬರೀ ತೋಳು. ಪ್ರತಿ ಗೀರಿಗೂ ಬಾಯಲ್ಲಿ ಹೇಳಿ ಗೀಚಬೇಕು. ಆಮೇಲೆ ಮಕ್ಕಳ ಲಂಗ, ಆಮೇಲೆ ಬ್ಲೌಸ್. ದಿನಕ್ಕೆ 20 ನಿಮಿಷ, ಸುಸ್ತಾದರೆ ನಿಲ್ಲಿಸಬೇಕು. ಏಳೆಂಟು ತಿಂಗಳಿಗೆ ದುಡ್ಡು ತೆಗೆದುಕೊಂಡು ಹೊಲಿಯಲು ಶುರು ಮಾಡಿದರು. ಮೊದಲು ದಿನಕ್ಕೆ ನಾಲ್ಕು ಹೊಲಿಯುತ್ತಿದ್ದರು, ಈಗ ಎರಡು.

ನಡುವೆ ಚೌಕಾಬಾರ ಆಡಿಸಿ ನೋಡಿದೆ. ಕಾಯಿ ನಡೆಸಲು ಮುಂದಿನದು ಯೋಚಿಸಬೇಕಲ್ಲ, ತಲೆಗೆ ಒಳ್ಳೆಯದು ಅಂತ ನನ್ನ ಲೆಕ್ಕ. ಆಟದಲ್ಲಿ ಎಲ್ಲರೂ ಚುರುಕಾದರು, ಸಂತೆ ಲೆಕ್ಕದಲ್ಲಿ ಅಲ್ಲ. ಆದರೂ ಬಿಟ್ಟಿಲ್ಲ, ಮಾತೇ ಆಡದಿದ್ದವರು ಆಟದ ನಡುವೆ ಬಾಯಿ ಬಿಡುತ್ತಾರೆ. ಭದ್ರಾವತಿ ಆಕಾಶವಾಣಿಯನ್ನು ಬೆಳಿಗ್ಗೆ ಹಾಸಿಗೆ ಪಕ್ಕ ಹಚ್ಚಿದ್ದು ಹೊತ್ತು ಗೊತ್ತಾಗಲಿ ಅಂತ. ಅದಕ್ಕಿಂತ ಅವರವರ ಕನ್ನಡಕ ಮನೆಯಿಂದ ತರಿಸಿ ಹಾಕಿದ್ದೇ ಹೆಚ್ಚು ಉಪಯೋಗವಾಯಿತು.

ದುಡ್ಡು. ನೋಟ್‌ಬುಕ್ 35 ರೂಪಾಯಿ, ಅದೇನೂ ಅಲ್ಲ. ಸಿಸ್ಟರ್ ಒಬ್ಬಳನ್ನು ವಾರಕ್ಕೆ ಅರ್ಧ ದಿನ ಬಿಡಿಸುವುದೇ ದೊಡ್ಡ ಖರ್ಚು. ಇದಕ್ಕೆ ಬಿಲ್ ಮಾಡಲು ಯಾವ ಕೋಡೂ ನಮಗೆ ಸಿಗಲಿಲ್ಲ. ಮೊದಲ ಆರು ತಿಂಗಳು ಫೋನು, ಕೆಲವರ ಬಸ್ ಚಾರ್ಜು ಸೇರಿ ಒಂಬತ್ತು ಹತ್ತು ಸಾವಿರ ನನ್ನ ಕೈಯಿಂದಲೇ ಹೋಯಿತು. ಮನೆಗೆ ಹೋದವರನ್ನು ಮತ್ತೆ ನೋಡಲು ಬುಧವಾರ ಓಪಿಡಿ ಅಂತ 11 ಜನರಿಗೆ ಹೇಳಿದರೆ ಇಬ್ಬರು ಬಂದರು. ಆಮೇಲೆ ಗಾಯದ ಹೊಲಿಗೆ, ಡ್ರೆಸ್ಸಿಂಗ್, ಶುಗರ್ ಚೆಕಪ್‌ಗೆ ಬರುವ ದಿನಕ್ಕೇ ಸೇರಿಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರು ತಪ್ಪದೆ ಬರತೊಡಗಿದರು. ಚನ್ನಗಿರಿಯಿಂದ ಅತ್ತೆ ಸೊಸೆ ಇಬ್ಬರೂ ಬರುತ್ತಾರೆ, ಸೊಸೆ ರೋಗಿ, ಅತ್ತೆ ನಮ್ಮ ವರದಿಗಾರ್ತಿ. ಈಗ ಆಡಳಿತದವರು ವರ್ಷಕ್ಕೆ 40 ಸಾವಿರ ಕೊಡುತ್ತಾರೆ. ಡೈರಿ ನಾಳೆ ಕೋರ್ಟಿಗೆ ಹೋದರೆ ಅಂತ ಹೆದರಿದ್ದವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನೇರವಾಗಿ ಕೇಳಿದವರಿಗೆ ಹೇಳುತ್ತೇನೆ.

ನೆನಪಿನ ಮೇಲೆ ಲೆಕ್ಕ ಕೊಟ್ಟರೆ, ಇದುವರೆಗೆ 180 ಡೈರಿ ಶುರು ಮಾಡಿರಬಹುದು. ಬದುಕಿ ಡೈರಿ ಪಡೆದವರು 110ರ ಆಸುಪಾಸು, ಆರು ತಿಂಗಳು ಸಂಪರ್ಕದಲ್ಲಿ ಉಳಿದವರು 70. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳೇ ಕೆಲಸಕ್ಕೆ, ಪೂರ್ತಿ ಅಲ್ಲದಿದ್ದರೂ, ಮರಳಿದ್ದಾರೆ. ಜಿಲ್ಲಾ ಮಟ್ಟದಲ್ಲಿ ಇಷ್ಟು ಮಾಡಿದವರು ಇದ್ದರೆ ನನಗೂ ತಿಳಿಸಿ.

ಗಂಡಸರು ಮಾತ್ರ ಇನ್ನೂ ಕೈಗೆ ಸಿಗುತ್ತಿಲ್ಲ. ಟಿಕೆಟ್ ದುಡ್ಡು ಒಂದು, "ಹುಚ್ಚರ ಓಪಿಡಿ" ಅನ್ನುವ ಮಾತು ಇನ್ನೊಂದು. ರಾತ್ರಿ ಎಂಟೂವರೆಗೆ, ಹೊಲದಿಂದ ಬಂದು ಉಂಡ ಮೇಲೆ ಫೋನ್ ಮಾಡುತ್ತೇನೆ. ನಿದ್ದೆ ಹೇಗಿದೆ ಅಂತ ಕೇಳಿದರೆ ಚೆನ್ನಾಗೈತೆ ಅಂದು ಇಟ್ಟುಬಿಡುತ್ತಾರೆ. ಅದನ್ನು ಬಿಟ್ಟು ಬೋರಿನಲ್ಲಿ ನೀರು ಹೇಗಿದೆ, ಜೋಳಕ್ಕೆ ಗೊಬ್ಬರ ಹಾಕಿದಿರಾ ಅಂತ ಶುರು ಮಾಡಿದರೆ, ಗೊಬ್ಬರ ಎಷ್ಟು ಚೀಲ ತಂದೆ ಅನ್ನುವುದು ಮರೆತು ಎರಡು ಸಲ ತಂದದ್ದು ತಾನಾಗಿ ಹೊರಗೆ ಬರುತ್ತದೆ.