ಕೊರಿಯಾಗೆ ಬಂದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಸಿಯೋಲ್ ಆಗಲಿ, ಸುವಾನ್, ಡೇಜಾನ್, ಬುಸಾನ್ ಆಗಲಿ, ಕೊರಿಯಾದ ಊರುಗಳಲ್ಲಿ ಹೊರಗಿನಿಂದ ಬಂದವರು ಚೆನ್ನಾಗಿಯೇ ಬದುಕಬಹುದು. ರಾತ್ರಿ ತಡವಾಗಿ ಒಬ್ಬರೇ ನಡೆದು ಮನೆಗೆ ಬರಬಹುದು, ಮೆಟ್ರೋ ಹೊತ್ತಿಗೆ ಸರಿಯಾಗಿ ಬರುತ್ತದೆ, ಬಾಗಿಲ ಮುಂದೆ ಇಟ್ಟುಹೋದ ಪಾರ್ಸೆಲ್ ಸಂಜೆವರೆಗೂ ಅಲ್ಲೇ ಇರುತ್ತದೆ. ಒದ್ದಾಟ ಎಲ್ಲಾ ಇರುವುದು ಮೊದಲ ಎರಡು ಮೂರು ತಿಂಗಳಲ್ಲಿ, ಯಾಕಂದರೆ ಇಲ್ಲಿ ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವೇ ಆಗುವುದಿಲ್ಲ. ಹೊರದೇಶದವರಿಗೆ ಸರ್ಕಾರ ಕೊಡುವ ನೋಂದಣಿ ಕಾರ್ಡ್ ಇಲ್ಲದೆ ಸರಿಯಾದ ಫೋನ್ ನಂಬರ್ ಸಿಗುವುದು ಕಷ್ಟ, ಆ ನಂಬರ್ ಇಲ್ಲದೆ ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ಇವೆರಡೂ ಇಲ್ಲದಿದ್ದರೆ ಒಂದು ಊಟ ತರಿಸಿಕೊಳ್ಳುವುದಕ್ಕೂ ಸ್ನೇಹಿತರ ಕೈಕಾಲು ಹಿಡಿಯಬೇಕು. ಹಾಗಾಗಿ ಸುಮ್ನೆ ಒಟ್ಟಿಗೆ ಎಲ್ಲದಕ್ಕೂ ಓಡಾಡಬೇಡಿ.

ಮೊದಲ ಕೆಲಸ ನೋಂದಣಿ ಕಾರ್ಡ್. 90 ದಿನಕ್ಕಿಂತ ಜಾಸ್ತಿ ಇರುವವರು ಬಂದ 90 ದಿನದೊಳಗೆ ಇಮಿಗ್ರೇಷನ್ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕು. ಮೂರು ತಿಂಗಳಿದೆ ಬಿಡಿ ಅಂತ ಕೂತರೆ ಕಷ್ಟ. ಇಮಿಗ್ರೇಷನ್‌ನವರ ಹೈಕೊರಿಯಾ ವೆಬ್‌ಸೈಟಿನಲ್ಲಿ ಸಮಯ ಬುಕ್ ಮಾಡಿಕೊಂಡೇ ಹೋಗಬೇಕು, ದೊಡ್ಡ ಊರುಗಳಲ್ಲಿ ವಾರಗಟ್ಟಲೆ ಖಾಲಿ ಜಾಗ ಇರುವುದಿಲ್ಲ, ಆಮೇಲೆ ಕಾರ್ಡ್ ಕೈಗೆ ಬರಲು ಇನ್ನೂ ಕೆಲವು ವಾರ ಬೇಕು. ಬಂದ ವಾರದಲ್ಲೇ ಬುಕ್ ಮಾಡಿ. ಪಾಸ್‌ಪೋರ್ಟ್, ಫೋಟೋ, ಇರುವ ಜಾಗದ ದಾಖಲೆ ಬೇಕು. ಭಾರತ ಕ್ಷಯರೋಗ ಜಾಸ್ತಿ ಇರುವ ದೇಶಗಳ ಪಟ್ಟಿಯಲ್ಲಿ ಇರುವುದರಿಂದ ನಮ್ಮವರಿಗೆ ಟಿಬಿ ಪರೀಕ್ಷೆಯ ಕಾಗದವನ್ನೂ ಕೇಳುತ್ತಾರೆ. ಏನೇ ಅನುಮಾನ ಇದ್ದರೂ 1345ಕ್ಕೆ ಫೋನ್ ಮಾಡಿ, ಅದು ಇಮಿಗ್ರೇಷನ್‌ನವರದೇ ಸಹಾಯವಾಣಿ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮುಂದೆ ಮನೆ ಬದಲಿಸಿದಾಗಲೂ ನೆನಪಿರಲಿ, 15 ದಿನದೊಳಗೆ ಹೊಸ ವಿಳಾಸ ತಿಳಿಸದಿದ್ದರೆ ದಂಡ ಬೀಳುತ್ತದೆ.

ಕಾರ್ಡ್ ಬಂದ ಮೇಲೆ ಫೋನ್ ಮತ್ತು ಬ್ಯಾಂಕ್. ಇಲ್ಲಿ ನಿಧಾನವಾಗಿ ಓದಿ, ಯಾಕಂದರೆ ನಮ್ಮ ಹೆಸರುಗಳು ಇಲ್ಲಿಯೇ ತೊಂದರೆ ಕೊಡುತ್ತವೆ. ಕೊರಿಯಾದವರ ಹೆಸರು ಸಾಮಾನ್ಯವಾಗಿ ಮೂರೇ ಅಕ್ಷರ, ಫಾರಂಗಳೂ ಅದಕ್ಕೆ ತಕ್ಕ ಹಾಗೆಯೇ ಇರುತ್ತವೆ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಎಲ್ಲಾ ಪಾಸ್‌ಪೋರ್ಟಿನಲ್ಲಿ ಸೇರಿಸಿರುವ ನಮ್ಮಂಥವರ ಹೆಸರನ್ನು ಫೋನ್ ಅಂಗಡಿಯವರು ಒಂದು ಥರ ಟೈಪ್ ಮಾಡುತ್ತಾರೆ, ಬ್ಯಾಂಕಿನವರು ಇನ್ನೊಂದು ಥರ, ಕೆಲವು ಕಡೆ ಕೊನೆಯ ಅಕ್ಷರಗಳೇ ಕತ್ತರಿಸಿ ಹೋಗಿರುತ್ತವೆ. ಆಮೇಲೆ ಯಾವುದೋ ಆ್ಯಪ್‌ನಲ್ಲಿ ನಿಮ್ಮ ಗುರುತು ಖಚಿತ ಮಾಡಲು ಹೊರಟರೆ ಹೆಸರು, ಹುಟ್ಟಿದ ದಿನ, ಫೋನ್ ಕಂಪನಿ, ನಂಬರ್ ಎಲ್ಲಾ ತುಂಬಿದ ಮೇಲೆ ಮಾಹಿತಿ ಹೊಂದುತ್ತಿಲ್ಲ ಅಂತ ಒಂದು ಸಾಲು ಬರುತ್ತದೆ, ಏನು ತಪ್ಪಾಗಿದೆ ಅಂತ ಹೇಳುವುದೇ ಇಲ್ಲ. ಅಂಗಡಿಯಲ್ಲಿ ಸಹಿ ಹಾಕುವ ಮುಂಚೆ ಫಾರಂ ನೋಡಿ. ಕಾರ್ಡಿನಲ್ಲಿ ಇರುವ ಹಾಗೆಯೇ, ಅದೇ ಕ್ರಮ, ಅದೇ ದೊಡ್ಡಕ್ಷರ, ಅದೇ ಕಡೆ ಜಾಗ ಬಿಟ್ಟು ಬರೆಯಲು ಹೇಳಿ, ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸಲು ಕೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಂಕಿನಲ್ಲೂ ಅಷ್ಟೇ. ಆಗಲೇ ಗೊಂದಲ ಆಗಿದ್ದರೆ ಹೆಸರನ್ನು ಜಾಗ ಬಿಡದೆ ಒಟ್ಟಿಗೆ ಬರೆದು ನೋಡಿ, ಅದಕ್ಕೂ ಆಗದಿದ್ದರೆ ಪಾಸ್‌ಪೋರ್ಟ್, ಕಾರ್ಡ್ ಎರಡೂ ಹಿಡಿದು ಫೋನ್ ಕಂಪನಿಯ ಅಂಗಡಿಗೇ ಹೋಗಿ ಸರಿ ಮಾಡಿಸಿ.

ಬ್ಯಾಂಕಿನ ಬಗ್ಗೆ ಇನ್ನೊಂದು ಮಾತು. ಹೊಸ ಖಾತೆಗೆ ಸಾಮಾನ್ಯವಾಗಿ ದಿನಕ್ಕೆ ಇಷ್ಟೇ ಹಣ ಕಳಿಸಬಹುದು ಅನ್ನೋ ಮಿತಿ ಇರುತ್ತದೆ. ಸಂಬಳದ ಚೀಟಿ, ಕೆಲಸದ ಪತ್ರ ತೋರಿಸಿದರೆ ತೆಗೆಯುತ್ತಾರೆ. ಮನೆಯ ಡೆಪಾಸಿಟ್ ಕಟ್ಟುವ ದಿನ ಇದು ಗೊತ್ತಾದರೆ ಬಹಳ ಪೇಚಾಟ, ಮುಂಚೆಯೇ ವಿಚಾರಿಸಿ.

ಈಗ ಮನೆ. ಇಲ್ಲಿ ಎರಡು ಥರ ಬಾಡಿಗೆ ಇದೆ. ವೋಲ್ಸೆ ಅಂದರೆ ಒಂದಷ್ಟು ಡೆಪಾಸಿಟ್, ತಿಂಗಳು ತಿಂಗಳು ಬಾಡಿಗೆ. ಜೊನ್ಸೆ ಅಂದರೆ ಮನೆಯ ಬೆಲೆಯ ದೊಡ್ಡ ಪಾಲನ್ನೇ ಡೆಪಾಸಿಟ್ ಇಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು. ಹೊಸದಾಗಿ ಬಂದವರು ವೋಲ್ಸೆಗೇ ಹೋಗಿ ಅಂತಲೇ ನಾನು ಹೇಳುತ್ತೇನೆ. ಇಂಚಾನ್, ಸಿಯೋಲ್‌ಗಳಲ್ಲಿ ಜೊನ್ಸೆ ಮೋಸದಿಂದ ಎಷ್ಟೋ ಸಂಸಾರಗಳು ಇಡೀ ಉಳಿತಾಯ ಕಳೆದುಕೊಂಡವು, 2023ರಲ್ಲಿ ಅವರಿಗಾಗಿಯೇ ವಿಶೇಷ ಕಾನೂನು ತರಬೇಕಾಯಿತು. ಊರು ಗೊತ್ತಿದ್ದ, ಭಾಷೆ ಗೊತ್ತಿದ್ದ ಜನರಿಗೇ ಹಾಗಾಯಿತು ಅಂದರೆ ನಾವು ಎಷ್ಟು ಹುಷಾರಾಗಿರಬೇಕು ಅಲ್ವಾ.

ವೋಲ್ಸೆ ಆದರೂ ಡೆಪಾಸಿಟ್ ಲಕ್ಷಗಟ್ಟಲೆ ರೂಪಾಯಿಯೇ. ಸಹಿ ಹಾಕುವ ದಿನವೇ ಆ ಮನೆಯ ನೋಂದಣಿ ಪತ್ರ ತೆಗೆಸಿ ನೋಡಿ, ಆನ್‌ಲೈನಿನಲ್ಲಿ ನೋಡಲು 700 ವಾನ್ ಅಷ್ಟೇ. ಅದರಲ್ಲಿ ಗಪ್‌ಗು ಅನ್ನೋ ಭಾಗದಲ್ಲಿ ಮಾಲೀಕರ ಹೆಸರಿರುತ್ತದೆ. ಎದುರಿಗೆ ಕೂತವರ ಗುರುತಿನ ಚೀಟಿಯಲ್ಲೂ, ಹಣ ಹೋಗುವ ಖಾತೆಯಲ್ಲೂ ಅದೇ ಹೆಸರು ಇರಬೇಕು. ಉಲ್‌ಗು ಅನ್ನೋ ಭಾಗದಲ್ಲಿ ಮನೆಯ ಮೇಲಿನ ಸಾಲ ಇರುತ್ತದೆ. ಸಾಲ, ನಿಮ್ಮ ಡೆಪಾಸಿಟ್ ಎರಡೂ ಸೇರಿಸಿದರೆ ಮನೆಯ ಬೆಲೆಯ ಹತ್ತಿರ ಹೋಗುತ್ತಿದ್ದರೆ ಎದ್ದು ಬನ್ನಿ, ಮನೆ ಎಷ್ಟೇ ಚೆನ್ನಾಗಿರಲಿ. ಒಪ್ಪಂದ ಆದ ಮೇಲೆ ಜುಮಿನ್ ಸೆಂಟರ್ ಅನ್ನೋ ಬಡಾವಣೆಯ ಸರ್ಕಾರಿ ಕಚೇರಿಗೆ ಹೋಗಿ ವಿಳಾಸ ಬದಲಾವಣೆ ತಿಳಿಸಿ, ಒಪ್ಪಂದದ ಮೇಲೆ ತಾರೀಖಿನ ಮುದ್ರೆ ಹಾಕಿಸಿ. ಮನೆ ಹರಾಜಿಗೆ ಬಂದರೆ ಡೆಪಾಸಿಟ್ ವಾಪಸ್ ಕೇಳುವ ಹಕ್ಕು ಉಳಿಯುವುದು ಇವೆರಡರಿಂದ. ಬಾಡಿಗೆ ಜೊತೆ ಗ್ವಾಲ್ಲಿಬಿ ಅಂತ ನಿರ್ವಹಣೆ ಶುಲ್ಕ ಬೇರೆ ಇರುತ್ತದೆ, ಅದರಲ್ಲಿ ನೀರು, ಇಂಟರ್ನೆಟ್ ಸೇರಿದೆಯಾ ಅಂತ ಕೇಳಿಕೊಳ್ಳಿ.

ಮನೆಗೆ ಹೋದ ಮೇಲೆ ಮೊದಲು ಕಲಿಯಬೇಕಾದದ್ದು ಕಸ. ಸಾಮಾನ್ಯ ಕಸಕ್ಕೆ ನಿಮ್ಮ ಬಡಾವಣೆಯ ಆಡಳಿತ ಮಾರುವ ಚೀಲವನ್ನೇ ಕೊಂಡು ಬಳಸಬೇಕು, ಈ ಪದ್ಧತಿ 1995ರಿಂದ ದೇಶದಲ್ಲೆಲ್ಲಾ ಇದೆ. ಹತ್ತಿರದ ಕನ್ವೀನಿಯನ್ಸ್ ಸ್ಟೋರ್‌ನಲ್ಲೇ ಸಿಗುತ್ತದೆ. ಉಳಿದ ಊಟ, ಹಣ್ಣಿನ ಸಿಪ್ಪೆ ಬೇರೆ, ಅದಕ್ಕೆ ಬೇರೆ ಚೀಲ ಅಥವಾ ಅಪಾರ್ಟ್‌ಮೆಂಟಿನಲ್ಲಿ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆದು ತೂಕ ಹಾಕುವ ಡಬ್ಬಿ. ಆದರೆ ಮೊಟ್ಟೆ ಸಿಪ್ಪೆ, ಮೂಳೆ, ಗಟ್ಟಿ ಬೀಜ, ಈರುಳ್ಳಿ ಬೆಳ್ಳುಳ್ಳಿಯ ಒಣ ಸಿಪ್ಪೆ ಇವೆಲ್ಲಾ ಸಾಮಾನ್ಯವಾಗಿ ಊಟದ ಕಸಕ್ಕೆ ಸೇರುವುದಿಲ್ಲ, ದಿನಾ ಅಡುಗೆ ಮಾಡುವವರು ಇದನ್ನು ಗಮನದಲ್ಲಿಡಿ. ನೀರಿನ ಬಾಟಲಿಯ ಲೇಬಲ್ ಕಿತ್ತು, ಚಪ್ಪಟೆ ಮಾಡಿ ಹಾಕಬೇಕು. ಹಳೇ ಕುರ್ಚಿ, ಹಾಸಿಗೆ ಬಿಸಾಡಲು ಸ್ಟಿಕರ್ ಕೊಳ್ಳಬೇಕು. ಪಕ್ಕದ ಮನೆಯವರು ಹೊರಗಿನವರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವುದು ಬಹುಪಾಲು ಈ ಕಸದ ಮೂಲೆಯಲ್ಲೇ, ನಿಮ್ಮ ಚೀಲ ಸರಿಯಾಗಿದ್ದರೆ ಅವರೇ ಲಿಫ್ಟಿನಲ್ಲಿ ನಮಸ್ಕಾರ ಹೇಳುತ್ತಾರೆ.

ಚಳಿಗಾಲದಲ್ಲಿ ನೆಲದ ಕೆಳಗೆ ಬಿಸಿನೀರು ಹರಿದು ಮನೆ ಬೆಚ್ಚಗಾಗುತ್ತದೆ. ಗೋಡೆಯ ಮೇಲಿನ ಚಿಕ್ಕ ಪ್ಯಾನೆಲ್‌ನಲ್ಲಿ ಅದನ್ನು ನಡೆಸಬೇಕು. ಊರಿಗೆ ಹೋಗುವಾಗ ಪೂರ್ತಿ ಆಫ್ ಮಾಡಬೇಡಿ, ವೇಚುಲ್, ಅಂದರೆ ಹೊರಗೆ ಹೋಗಿದ್ದೇವೆ, ಅನ್ನೋ ಬಟನ್ ಒತ್ತಿ ಹೋಗಿ. ಇಲ್ಲದಿದ್ದರೆ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು, ರಿಪೇರಿ ಖರ್ಚು ನಿಮ್ಮ ತಲೆ ಮೇಲೆ ಬರಬಹುದು.

ಸಸ್ಯಾಹಾರಿಗಳಿಗೆ ಹೊರಗಿನ ಊಟ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಮಾಂಸ ಬೇಡ ಅಂದರೆ ತುಂಡುಗಳನ್ನು ಹಾಕುವುದಿಲ್ಲ ಅಷ್ಟೇ, ಸಾರಿಗೆ ಒಣಮೀನಿನ ನೀರು, ಕಿಮ್ಚಿಗೆ ಮೀನಿನ ಸಾಸ್ ಬಿದ್ದೇ ಇರುತ್ತದೆ. ಕಟ್ಟುನಿಟ್ಟಾಗಿ ಇರುವವರು ಮನೆಯಲ್ಲೇ ಅಡುಗೆ ಮಾಡಿಕೊಳ್ಳುವುದು ವಾಸಿ. ಸಿಯೋಲ್‌ನ ಇಟೇವಾನ್ ಮಸೀದಿ ಹತ್ತಿರದ ಅಂಗಡಿಗಳಲ್ಲಿ, ಆನ್‌ಸಾನ್‌ನ ವೊಂಗೊಕ್‌ದೊಂಗ್‌ನಲ್ಲಿ ಬೇಳೆ, ಮಸಾಲೆ, ಉದ್ದನೆ ಅಕ್ಕಿ ಸಿಗುತ್ತದೆ.

ಆರೋಗ್ಯ ವಿಮೆ 2019ರ ಜುಲೈನಿಂದ ಆರು ತಿಂಗಳಿಗಿಂತ ಜಾಸ್ತಿ ಇರುವವರಿಗೆಲ್ಲಾ ಕಡ್ಡಾಯ, ಕೆಲಸದಲ್ಲಿದ್ದರೆ ಅರ್ಧ ಕಂಪನಿ ಕಟ್ಟುತ್ತದೆ. ಕಂತು ಬಾಕಿ ಉಳಿಸಿಕೊಂಡರೆ ವೀಸಾ ಮುಂದುವರಿಸುವಾಗ ತಡೆಯಾಗುತ್ತದೆ. ಜ್ವರ, ಕೆಮ್ಮಿಗೆ ಮೂಲೆಯ ಚಿಕ್ಕ ಕ್ಲಿನಿಕ್ಕಿಗೇ ಹೋಗಿ, ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಅಲ್ಲಿಂದ ಪತ್ರ ಬೇಕು. ಆಂಬ್ಯುಲೆನ್ಸ್‌ಗೆ 119, ಪೊಲೀಸರಿಗೆ 112.

ವೀಸಾ ಮುಂದುವರಿಸಲು ಮುಗಿಯುವ ನಾಲ್ಕು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಮನೆ ಬಿಡುವುದಾದರೆ ಒಪ್ಪಂದ ಮುಗಿಯಲು ಎರಡು ತಿಂಗಳು ಇರುವ ಮುಂಚೆಯೇ ಮಾಲೀಕರಿಗೆ ತಿಳಿಸಬೇಕು, ಸುಮ್ಮನಿದ್ದರೆ ಒಪ್ಪಂದ ತಾನಾಗಿ ಮುಂದುವರಿಯುತ್ತದೆ, ಆಮೇಲೆ ಬಿಡುತ್ತೇನೆ ಅಂದರೂ ಡೆಪಾಸಿಟ್‌ಗೆ ಮೂರು ತಿಂಗಳು ಕಾಯಬೇಕು. ಬಾಯಿ ಮಾತಲ್ಲಿ ಹೇಳಬೇಡಿ, ಮೆಸೇಜ್ ಕಳಿಸಿ, ಅವರ ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.